ಒಳಗಿನ ಕೊಕ್ಕೆ, ಹೊರಗಿನ ಕೊಕ್ಕೆ

ಅಕ್ಕನ ಗಂಡ ಅನ್ನುವ ಒಂದೇ ಕಾರಣಕ್ಕೆ ಎದುರಿಗೆ ಸಿಕ್ಕಾಗ ಇವತ್ತಿಗೂ ಭಾವನಿಗೆ ಬಹುವಚನ ಕೊಡುತ್ತೇನೆ. ಬರೆಯುವಾಗ ಯಾಕೆ ಕೊಡಬೇಕು? ಕೊಡುವುದಿಲ್ಲ.

ಬ್ಯಾಂಕಿನ ವ್ಯಾನುಗಳಿಗೆ ಗಾರ್ಡುಗಳನ್ನು ಕಳಿಸುವ ಕಂಪನಿಯಲ್ಲಿ ಅವನು ಪಿಸ್ತೂಲು ರಿಪೇರಿಯವನು. ನಾನು ಅದೇ ಕೋಣೆಯ ಜಾಲರಿ ಕಿಟಕಿಯ ಹಿಂದೆ ಕೂತು ಬೆಳಿಗ್ಗೆ ಪಿಸ್ತೂಲು ಕೊಟ್ಟು ಸಂಜೆ ವಾಪಸು ತೆಗೆದುಕೊಳ್ಳುವವನು. ಎಲ್ಲರೂ ಅವನನ್ನು ಕರೆಯುವುದು ‘ಕೊಕ್ಕೆ’ ಎಂದು. ಅವನ ಕೆಲಸವೇ ಕೊಕ್ಕೆಯದು, ಅದೊಂದು ಕಾರಣ. ಯಾರು ಏನು ಮಾಡಿದರೂ ಅದರಲ್ಲೊಂದು ಕೊಕ್ಕೆ ತೆಗೆಯದೆ ಬಿಡುವುದಿಲ್ಲ, ಅದು ಇನ್ನೊಂದು. ನಮ್ಮಮ್ಮ ತೀರಿಕೊಂಡ ದಿನ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಕಾಗುಣಿತದ ತಪ್ಪು ಹುಡುಕಿದ ಮಹಾನುಭಾವ!

ಕೊಕ್ಕೆ ಅಂದರೆ ಇಷ್ಟೇ. ಗುಂಡು ಹಾರಿದ ಮೇಲೆ ಖಾಲಿ ತೋಟಾ ನಳಿಗೆಯಲ್ಲೇ ಉಳಿಯುತ್ತದೆ. ಅದರ ಅಂಚು ಹಿಡಿದು ಹೊರಗೆಳೆಯುವ ಉಗುರಿನಷ್ಟು ಉಕ್ಕಿನ ಮೂತಿಯೇ ಕೊಕ್ಕೆ. ಅದು ಎಳೆಯದಿದ್ದರೆ ಮುಂದಿನ ಗುಂಡಿಗೆ ಜಾಗವಿಲ್ಲ. ನಮ್ಮ ಹಳೇ ಪಿಸ್ತೂಲುಗಳಲ್ಲಿ ಕೊಕ್ಕೆ ಒಳಗಡೆ ಅಡಗಿರುತ್ತದೆ. ಉದ್ದನೆಯ ಒಂದೇ ಪಟ್ಟಿ, ಸ್ಪ್ರಿಂಗೂ ಅದೇ, ಕೊಕ್ಕೆಯೂ ಅದೇ. ಬಿಗಿ ಕಳೆದುಕೊಂಡರೆ ಹೊರತೆಗೆದು ಕೈಯಲ್ಲೇ ಹದವಾಗಿ ಬಾಗಿಸಿ ಕೂರಿಸಬೇಕು, ಆ ಹದ ಗೊತ್ತಿದ್ದದ್ದು ಭಾವನೊಬ್ಬನಿಗೇ. ಹೊಸ ಪಿಸ್ತೂಲುಗಳಲ್ಲಿ ಕೊಕ್ಕೆ ಹೊರಗಡೆ, ಮಗ್ಗುಲಲ್ಲಿ ಕಾಣುವ ಹಾಗೆ ಒಂದು ಪಿನ್ನಿನ ಮೇಲೆ ಕೂತಿರುತ್ತದೆ, ಹಿಂದೆ ಪುಟ್ಟ ಸ್ಪ್ರಿಂಗು. ಕೆಟ್ಟರೆ ಪಿನ್ನು ತಳ್ಳಿ ಹೊಸದು ಹಾಕಿದರಾಯಿತು. ಹದವೂ ಬೇಡ, ನಮ್ಮ ಭಾವನೂ ಬೇಡ.

ಹೊಸದಾಗಿ ಬಂದ ಸಾಹೇಬರು ಹೊರಗಿನ ಕೊಕ್ಕೆಯ ಪಿಸ್ತೂಲೊಂದನ್ನು ತರಿಸಿ, ಹಳೇದು ಹೊಸದು ಎರಡನ್ನೂ ‘ಗಾರ್ಡುಗಳು ಬಳಸುವ ಹಾಗೆ’ ಪರೀಕ್ಷೆ ಮಾಡಿ ವರದಿ ಕೊಡಿ ಎಂದು ಆರ್ಡರ್ ಕಳಿಸಿದರು. ಹೊಸದು ಗೆದ್ದರೆ ಭಾವನ ಕೆಲಸ ಹೋಗುತ್ತಿತ್ತು. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

ಗಾರ್ಡುಗಳು ಹೇಗೆ ಬಳಸುತ್ತಾರೆಂದು ನಮ್ಮಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ, ಮ್ಯಾಗಜೀನಿಗೆ ಹಿಡಿಸುವುದು ಏಳು ಗುಂಡು. ಎಂಟಿರಲಿ ಅಂತ ಒಂದನ್ನು ಕೈಯಿಂದ ನೇರವಾಗಿ ನಳಿಗೆಗೆ ಹಾಕಿ ಹಿಂದಕ್ಕೆಳೆದ ಸ್ಲೈಡನ್ನು, ಅಂದರೆ ಪಿಸ್ತೂಲಿನ ಜಾರುವ ಮೇಲ್ಭಾಗವನ್ನು, ಪಟ್ಟೆಂದು ಬಿಡುತ್ತಾರೆ. ಅದನ್ನು ‘ಮೇಲೊಂದು’ ಅನ್ನುತ್ತಾರೆ. ನಿಯಮದ ಪುಸ್ತಕ ಹಾಗೆ ಮಾಡಕೂಡದು ಅನ್ನುತ್ತದೆ. ಮ್ಯಾಗಜೀನಿನಿಂದ ಏರಿ ಬರುವ ತೋಟಾ ಒಳಗಿನ ಕೊಕ್ಕೆಯ ಅಡಿಗೆ ತಾನಾಗಿ ಜಾರಿ ಕೂರುತ್ತದೆ. ಕೈಯಿಂದ ಹಾಕಿದರೆ ಕೊಕ್ಕೆಯೇ ಅಂಚನ್ನು ಹಾರಿ ಹಿಡಿಯಬೇಕು, ಹಾರಿದ ಪ್ರತಿ ಸಲವೂ ಒಂದಿಷ್ಟು ಸಡಿಲವಾಗುತ್ತದೆ. ಭಾವ ತಿಂಗಳಿಗೊಮ್ಮೆ ಎಲ್ಲವನ್ನೂ ಬಿಗಿ ಮಾಡುತ್ತಿದ್ದನಾದ್ದರಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಮೊದಲ ದಿನ ನಾವಿಬ್ಬರೇ ‘ಮೇಲೊಂದು’ ಹಾಕಿ ಹಾಕಿ ಹೊಡೆದು ನೋಡಿದೆವು. ಹಳೇದು ನಲವತ್ತನೇ ಸಲಕ್ಕೆ ಖಾಲಿ ತೋಟಾವನ್ನು ಒಳಗೇ ಬಿಟ್ಟಿತು. ಹೊಸದು ಇನ್ನೂರು ಸಲವಾದರೂ ತಕರಾರು ಮಾಡಲಿಲ್ಲ. ಭಾವ ಬರೆದಿಟ್ಟಿದ್ದ ಹಾಳೆ ಹರಿದು ಬುಟ್ಟಿಗೆ ಹಾಕಿದ. ಮರುದಿನ ಹಳೇದನ್ನು ಹದ ಮಾಡಿ, ಎರಡಕ್ಕೂ ಮ್ಯಾಗಜೀನಿನಿಂದಷ್ಟೇ ಗುಂಡು ತುಂಬಿಸಿ ಐನೂರೈನೂರು ಹೊಡೆದ. ಎರಡರಲ್ಲೂ ಒಂದೂ ತಪ್ಪಿಲ್ಲ.

“ಭಾವ, ಬಳಸುವ ಹಾಗೆ ಅಂತ ಇದೆಯಲ್ಲ ಆರ್ಡರ್‌ನಲ್ಲಿ?” ಅಂದೆ.

“ನಿಯಮದ ಪ್ರಕಾರ ಬಳಸೋದೇ ಬಳಸೋದು. ನಿನ್ನ ಅಕ್ಕ ಬೀದಿಗೆ ಬೀಳ್ಬೇಕಾ?”

ಅಕ್ಕನ ಹೆಸರೆತ್ತಿದ್ದೇ ತಡ, ಪೆನ್ನು ತೆಗೆದುಕೊಂಡೆ. ‘ಎರಡೂ ಸಮ’ ಎಂಬ ವರದಿಗೆ ಸಾಕ್ಷಿ ಅಂತ ಸಹಿ ಹಾಕಿದೆ.

ಸಾಹೇಬರಿಗೆ ಖುಷಿಯೋ ಖುಷಿ. “ಐನೂರಕ್ಕೆ ಒಂದೂ ತಪ್ಪಿಲ್ಲ! ಹಾಗಾದ್ರೆ ಹಳೇದೇ ಇರಲಿ. ಇಷ್ಟು ಗಟ್ಟಿ ಇದ್ಮೇಲೆ ತಿಂಗಳು ತಿಂಗಳು ಯಾಕೆ ಬಿಚ್ತೀರಿ? ಆರು ತಿಂಗಳಿಗೊಮ್ಮೆ ಸಾಕು,” ಅಂದರು. ಬೇಡ ಅನ್ನಬೇಕಾದರೆ ಯಾಕೆ ಬೇಡ ಅನ್ನುವುದನ್ನೂ ಹೇಳಬೇಕಿತ್ತು. ಜಗತ್ತಿನ ಎಲ್ಲದರಲ್ಲೂ ಕೊಕ್ಕೆ ತೆಗೆಯುವವನು ಅವತ್ತು “ಸರಿ ಸಾರ್” ಅಂದ.

ಅವನ ಒಬ್ಬಳೇ ಮಗಳೂ ನಮ್ಮಲ್ಲೇ ಗಾರ್ಡು, ಸೇರಿಸಿದವನೂ ಅವನೇ. ಒಂದು ದಿನ ಊಟಕ್ಕೆ ಕೂತಾಗ ಅವಳಿಗೆ ಹೇಳಿದ, “ಮೇಲೊಂದು ಹಾಕ್ಬೇಡ ಮಗಳೇ.”

“ಎಲ್ಲರೂ ಹಾಕ್ತಾರಪ್ಪ. ನಾನೊಬ್ಳೇ ಏಳು ಇಟ್ಕೊಂಡು ಹೋದ್ರೆ ಆಡ್ಕೊಂಡು ನಗ್ತಾರೆ. ನೀನೇ ಬರ್ದಿದ್ದೀಯಲ್ಲ, ಎರಡೂ ಸಮ ಅಂತ!”

ಅವನು ತಟ್ಟೆ ನೋಡುತ್ತಾ ಅನ್ನ ಕಲಸಿದ. ಆಗ ಹೇಳಬಹುದಿತ್ತು, ಪಾಪಿ. ಪಕ್ಕದಲ್ಲೇ ಕೂತಿದ್ದ ನಾನೂ ಹೇಳಬಹುದಿತ್ತು.

ನಾಲ್ಕನೇ ತಿಂಗಳು ಹಾಡಹಗಲೇ ಇಬ್ಬರು ದರೋಡೆಕೋರರು ಅವಳಿದ್ದ ವ್ಯಾನಿಗೆ ಅಡ್ಡ ಬಂದರು. ಹುಡುಗಿ ಒಂದು ಗುಂಡು ಹಾರಿಸಿದಳು, ಗುರಿ ತಪ್ಪಿತು. ಖಾಲಿ ತೋಟಾ ಹೊರಗೆ ಬರಲಿಲ್ಲ. ಸ್ಲೈಡ್ ಎಳೆದಳು, ಮತ್ತೆ ಎಳೆದಳು, ಉಗುರು ಕಿತ್ತು ರಕ್ತ ಬರುವ ತನಕ ಎಳೆದಳು. ಅಷ್ಟರಲ್ಲಿ ಡ್ರೈವರಿಗೆ ಮೂರು ಗುಂಡು ಬಿದ್ದಿತ್ತು. ಎರಡು ವರ್ಷದಿಂದ ದಿನವೂ ಅವಳ ಜೊತೆ ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದ ಮನುಷ್ಯ. ಅವಳ ಕಾಲ ಬಳಿಯೇ ಸತ್ತ.

ಪಿಸ್ತೂಲು ತನಿಖೆಗೆ ಬಂದದ್ದು ಭಾವನ ಮೇಜಿಗೇ. ಈ ಸಲವಾದರೂ ಕರುಳು ಚುರ್ ಅಂದೀತು ಅಂದುಕೊಂಡೆ.

“ಈಗಲಾದ್ರೂ ನಿಜ ಬರೀರಿ ಭಾವ, ನಿಮ್ಮ ದಮ್ಮಯ್ಯ.”

“ನಿಜಾನೇ ಬರೀತಿದೀನಿ,” ಅಂದ. ಬರೆದದ್ದು ಇದು: ‘ಗಾರ್ಡ್ ನಿಯಮ ಮೀರಿ ಗುಂಡನ್ನು ನೇರವಾಗಿ ನಳಿಗೆಗೆ ಹಾಕಿದ್ದರಿಂದ ಕೊಕ್ಕೆ ಸಡಿಲಗೊಂಡಿದೆ. ಪಿಸ್ತೂಲಿನಲ್ಲಿ ದೋಷವಿಲ್ಲ.’ ಒಂದಕ್ಷರವೂ ಸುಳ್ಳಲ್ಲ, ಥೂ! ಸಾಕ್ಷಿ ಸಹಿ ಈ ಸಲವೂ ನನ್ನದೇ. ಅವನನ್ನು ಬೈಯುವ ಯೋಗ್ಯತೆ ನನಗಿಲ್ಲ, ಆದರೂ ಬೈಯುತ್ತೇನೆ.

ಮಗಳ ಕೆಲಸ ಹೋಯಿತು. ಅವಳಿಂದಲೇ ಸತ್ತ ಅಂತ ಡ್ರೈವರನ ಹೆಂಡತಿ ಬೀದಿಯಲ್ಲಿ ನಿಂತು ಶಪಿಸಿದಳು. ಯೂನಿಫಾರ್ಮು, ಬೆಲ್ಟು ವಾಪಸು ಕೊಡಲು ಮಗಳು ನನ್ನ ಕಿಟಕಿಗೆ ಬಂದಳು. ಬೆರಳುಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ನನಗೆ ಅವಳ ಮುಖ ನೋಡಲಾಗಲಿಲ್ಲ. ಭಾವನೇ ಎದ್ದು ಬಂದು ವಸ್ತುಗಳನ್ನು ಒಂದೊಂದಾಗಿ ತೆಗೆದುಕೊಂಡ.

“ಅಪ್ಪ, ಹೊರಗಿನ ಕೊಕ್ಕೆ ಇದ್ದಿದ್ರೆ ತೋಟಾ ಬರ್ತಿತ್ತಾ?”

“ಬರ್ತಿತ್ತು.”

“ನಿಂಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು.” ಅವನು ಬೆಲ್ಟು ಸುತ್ತಿ ಪಕ್ಕಕ್ಕಿಟ್ಟ. “ನಂಗಿನ್ನೂ ಎರಡೂವರೆ ವರ್ಷ ಸರ್ವೀಸ್ ಇದೆ ಮಗಳೇ. ನಿಂಗೆ ಚಿಕ್ಕ ವಯಸ್ಸು, ಇನ್ನೊಂದು ಕೆಲಸ ಸಿಗುತ್ತೆ.”

“ಡ್ರೈವರಣ್ಣಂಗೆ?”

ಭಾವ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದ.

“ಇಲ್ಲಿ ಸಹಿ ಹಾಕು.”