ಅವ್ವನ ಓಟು

ಮಹಾಂತಪ್ಪ ಸಾಹುಕಾರರು ಮೂರನೆಯ ಪಕ್ಷ ಸೇರಿದ ಸುದ್ದಿ ಕೆಂಚವ್ವನಿಗೆ ಟಿವಿಯಿಂದ ತಿಳಿಯಿತು. ಇಪ್ಪತ್ತು ವರ್ಷ ಅವರಿಗಾಗಿ ಮನೆಮನೆ ತಿರುಗಿ ಚಪ್ಪಲಿ ಸವೆಸಿದವಳಿಗೆ ಒಂದು ಫೋನು ಮಾಡುವಷ್ಟು ಪುರುಸೊತ್ತೂ ಆ ದೊಡ್ಡ ಮನುಷ್ಯರಿಗೆ ಇರಲಿಲ್ಲ. ಮೊದಲ ಸಲ ಪಕ್ಷ ಬಿಟ್ಟಾಗ ಕ್ಷೇತ್ರದ ಅಭಿವೃದ್ಧಿಗಾಗಿ ಎಂದಿದ್ದರು. ಈ ಸಲ ಸವದತ್ತಿಯ ಸಭೆಯಲ್ಲೂ ಅದೇ ಮಾತು, ಹೆಗಲ ಮೇಲಿನ ಶಾಲು ಮಾತ್ರ ಬೇರೆ. ಕೆಂಚವ್ವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕಲ್ಲ. ಅವರು ಸೇರಿದ್ದು ಅವಳ ಅಣ್ಣ ಕಾಡಪ್ಪನ ಪಕ್ಷ.

ಮುರಗೋಡದ ಹತ್ತಿರದ ಆ ಹಳ್ಳಿಯಲ್ಲಿ ಕೆಂಚವ್ವನ ತವರುಮನೆ ಗಂಡನ ಮನೆಯಿಂದ ಎರಡೇ ಓಣಿ ಆಚೆ. ಆದರೂ ಪಂಚಮಿ ಬಂದರೆ ಅಣ್ಣ ಬಂದು ಕರೆಯಬೇಕು, ಆಮೇಲೆಯೇ ತಂಗಿ ಹೊರಡಬೇಕು. ಹತ್ತು ವರ್ಷದಿಂದ ಕಾಡಪ್ಪ ಆ ಎರಡು ಓಣಿ ದಾಟಿರಲಿಲ್ಲ.

ದಾಟುವುದಾದರೂ ಹೇಗೆ? ಹತ್ತು ವರ್ಷದ ಹಿಂದಿನ ಚುನಾವಣೆಯಲ್ಲಿ ಕೆಂಚವ್ವ ಊರಿನ ಶಾಲೆಯ ಮತಗಟ್ಟೆಯಲ್ಲಿ ಸಾಹುಕಾರರ ಏಜೆಂಟಾಗಿ ಕುಳಿತಿದ್ದಳು. ಕಣ್ಣು ಕಾಣದ ಅವ್ವನನ್ನು ಕಾಡಪ್ಪ ಕೈಹಿಡಿದು ಕರೆತಂದ.

"ಇವ ಮುಂಜಾನೆ ಒಬ್ಬ ಕುರುಡನ್ನ ಕರಕೊಂಡ ಬಂದಿದ್ದಾನ್ರಿ. ಇನ್ನೊಬ್ಬರ ಸಂಗಾಟ ಬರಾಕ ರೂಲ್ಸ್ ಇಲ್ಲ," ಎಂದು ಕೆಂಚವ್ವ ತಕರಾರು ಎತ್ತಿದಳು. ಅಧಿಕಾರಿ ಹೌದೆಂದರು.

ಅವ್ವ ದನಿ ಬಂದ ಕಡೆಗೆ ಕೈಚಾಚಿದಳು. "ಹಂಗಾರ ನೀನ ಕರಕೊಂಡ ಹೋಗ ಬಾ, ನನ್ನವ್ವ."

ಅವ್ವನ ಓಟು ಅಣ್ಣನ ಪಕ್ಷಕ್ಕೆಂದು ಕೆಂಚವ್ವನಿಗೆ ಗೊತ್ತಿತ್ತು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಮುದುಕಿ ಸ್ವಲ್ಪ ಹೊತ್ತು ಕೈಚಾಚಿಕೊಂಡೇ ನಿಂತಿದ್ದು, ಓಟು ಹಾಕದೆ ಮನೆಗೆ ಹೋದಳು. ಆ ಸಂಜೆ ಸಾಹುಕಾರರು, "ನೀ ನನ್ನ ಹುಲಿ ನೋಡವಾ," ಎಂದರು. ಹುಲಿ ಹಿಗ್ಗಿ ಹೀರೇಕಾಯಿಯಾಗಿದ್ದಳು. ಅದೇ ವರ್ಷ ದೀಪಾವಳಿಗೆ ಮೊದಲು ಅವ್ವ ಸತ್ತಳು. ಅವ್ವನ ಮಣ್ಣಿಗೆಂದು ಹೋದ ತಂಗಿಯನ್ನು ಕಾಡಪ್ಪ ಹೊಸ್ತಿಲು ದಾಟಲು ಬಿಡಲಿಲ್ಲ.

ಈಗ ಪ್ರಚಾರಕ್ಕೆ ಹೊರಟ ಸಾಹುಕಾರರು ಅದೇ ಕಾಡಪ್ಪನನ್ನು ಗಾಡಿಯಲ್ಲಿ ಕೂರಿಸಿಕೊಂಡು ಕೆಂಚವ್ವನ ಬಾಗಿಲಿಗೆ ಬಂದರು. ಇಬ್ಬರ ಹೆಗಲಲ್ಲೂ ಒಂದೇ ಬಣ್ಣದ ಶಾಲು. ಕಾಡಪ್ಪ ನಾಚಿಕೆಯಿಂದ ನೆಲ ನೋಡುತ್ತಿದ್ದ. ನಾಚಬೇಕಾದವರು ಹಲ್ಲು ಕಿರಿಯುತ್ತಿದ್ದರು.

"ಆದದ್ದ ಆಗಿಹೋತ, ಕೆಂಚವ್ವ. ಇನ್ನರ ಅಣ್ಣ-ತಂಗಿ ಒಂದಾಗ್ರಿ. ನೀನೂ ಈ ಶಾಲ ಹಾಕ್ಕೋ," ಎಂದರು ಸಾಹುಕಾರರು, ಜಗಳ ಬಗೆಹರಿಸಲು ಬಂದ ಹಿರಿಯರ ಹಾಗೆ.

ಕೆಂಚವ್ವ ನೀರಿನ ತಂಬಿಗೆ ತರಲಿಲ್ಲ, ಕುಳಿತುಕೊಳ್ಳಿ ಎನ್ನಲಿಲ್ಲ.

"ಅವತ್ತ ನಮ್ಮವ್ವ ಒತ್ತಾಕ ಬಂದಿದ್ದು ಇದ ಪಕ್ಷದ ಗುಂಡಿರಿ, ಸಾಹುಕಾರ್ರ. ನಿಮ್ಮ ಸಲುವಾಗಿ ಆಕಿನ್ನ ಹೊಳ್ಳಿ ಕಳಿಸಿದೆ. ಈಗ ಅದನ್ನ ಒತ್ತಂತ ನನಗ ಹೇಳಾಕ ಬಂದೀರಿ."

"ರಾಜಕಾರಣ ಅಂದ್ರ ಹಂಗವಾ."

"ನಿಮಗ ಅದು ರಾಜಕಾರಣ. ನನಗ ಆಕಿ ಅವ್ವ ಇದ್ಲು."

ಅವಳಿಗೆ ಸಾಹುಕಾರರ ಮೇಲೆ ಎಷ್ಟು ಸಿಟ್ಟಿತ್ತೋ, ಕುರ್ಚಿ ಬಿಟ್ಟು ಏಳದ ತನ್ನ ಮೇಲೆ ಅದರ ಎರಡರಷ್ಟಿತ್ತು. ಅಣ್ಣನ ಕಡೆಗೆ ತಿರುಗಿದಳು.

"ಪಂಚಮಿಗೆ ಕರಿಯೂದಿದ್ರ ನೀ ಒಬ್ಬನ ನಡಕೊಂತ ಬಾ. ಇವರ ಗಾಡ್ಯಾಗ ಬಂದ್ರ ನಾ ಬರಂಗಿಲ್ಲ."

ಕಾಡಪ್ಪ ಶಾಲು ತೆಗೆದು ಗಾಡಿಯ ಸೀಟಿನ ಮೇಲಿಟ್ಟು, ಮನೆಯ ದಾರಿ ಹಿಡಿದು ನಡೆದ. ಸಾಹುಕಾರರು ಎರಡು ಸಲ ಕೂಗಿದರೂ ತಿರುಗಿ ನೋಡಲಿಲ್ಲ. ತಂಗಿಯನ್ನೂ ನೋಡಲಿಲ್ಲ. ಪಂಚಮಿಗೆ ಇನ್ನೂ ನಾಲ್ಕು ತಿಂಗಳಿತ್ತು.