ಉಮ್ಮತ್ತೂರು ರಸ್ತೆಯ ಹುರುಳಿ

ಉಮ್ಮತ್ತೂರಿನ ಬಳಿ ಬಸ್ಸು ಕೆಟ್ಟು ನಿಂತಿತು. ಚಾಮರಾಜನಗರದಲ್ಲಿ ನನಗೆ ಸಂದರ್ಶನವಿದ್ದುದರಿಂದ ಆತುರವಾಗಿ ಇಳಿದು, ಮುಂದೆ ನಿಂತಿದ್ದ ಆಟೋದತ್ತ ನಡೆದೆ. ವಾಹನಗಳು ಹರಿದು ಕಾಳು ಬಿಡಲೆಂದು ರಸ್ತೆಯ ಮೇಲೆ ಹುರುಳಿ ಗಿಡ ಹರಡಿದ್ದರು. ಶೂ ಧರಿಸಿಯೇ ಅದನ್ನು ತುಳಿದೆ.

“ಕೆರ ಬುಟ್ಟು ಬಾರಪ್ಪ, ಕಾಳು ಕಣಪ್ಪ ಅದು,” ಎಂದರು ರಾಶಿ ಮಾಡುತ್ತಿದ್ದ ಅಜ್ಜಿ.

“ಲಾರಿಗಳೇ ತುಳಿಯುತ್ತಿವೆಯಲ್ಲ ಅಜ್ಜಿ?”

“ಲಾರಿ ಉಣ್ತದಾ? ಉಣ್ಣೋನು ನೀನು ಕಣಪ್ಪ.”

ಹೊಲದಂಚಿನಲ್ಲಿ ಚಪ್ಪಲಿ ಬಿಟ್ಟು ಕೂಲಿಗೆ ಇಳಿಯುವ ನನ್ನ ಅವ್ವ ನೆನಪಾದಳು. ನಾನು ಪದವೀಧರನಾದದ್ದು ಆ ಕೂಲಿಯಿಂದಲೇ. ಶೂ ಕಳಚಿ, ಅಡಿಯ ಸಂದುಗಳಲ್ಲಿ ಸಿಕ್ಕಿದ್ದ ನಾಲ್ಕು ಕಾಳುಗಳನ್ನು ಕಿತ್ತು ಕೊಟ್ಟೆ. ಅಜ್ಜಿ ಅವನ್ನು ಕಣ್ಣಿಗೊತ್ತಿಕೊಂಡು ರಾಶಿಗೆ ಸೇರಿಸಿದರು. ಆಟೋದವನು ಎರಡು ಬಾರಿ ಕೂಗಿದರೂ ನನಗೆ ತಲೆಯೆತ್ತಲಾಗಲಿಲ್ಲ.