ಉಪವಾಸದ ತೊಟ್ಟಿಗೆ ಒಂದು ಸೌಟು ಗಂಜಿ

ಕಡಲ ಬಂಡೆಗೆ ಕಚ್ಚಿಕೊಂಡು ಬದುಕುವ ಕಪ್ಪೆಚಿಪ್ಪು ಎಷ್ಟು ತಿನ್ನುತ್ತದೆ ಎಂದು ಅಳೆದವರು ಹಲವರಿದ್ದಾರೆ. ತಿಂದದ್ದರಲ್ಲಿ ಎಷ್ಟು ಅರಗಿ ಮೈಗೆ ಹತ್ತುತ್ತದೆ ಎಂಬುದನ್ನು ಮೂವತ್ತನಾಲ್ಕು ವರ್ಷ ಬಿಡದೆ ಕೆದಕಿದವರು ಈಗ ನಿವೃತ್ತರಾಗುತ್ತಿರುವ ನಮ್ಮ ಗುರುಗಳು. ಚಿಪ್ಪುಗಳಿಗೆ ಉಣಿಸುವ ಪಾಚಿನೀರನ್ನು ಅವರು ‘ಗಂಜಿ’ ಎನ್ನುತ್ತಿದ್ದುದರಿಂದ ಪ್ರಯೋಗಾಲಯದವರಿಗೆಲ್ಲ ಅವರು ಗಂಜಿ ಮೇಷ್ಟ್ರೇ ಆಗಿಬಿಟ್ಟರು. ಅತಿಯಾಗಿ ಉಣಿಸಿದರೆ ಚಿಪ್ಪು ಹೆಚ್ಚು ಬೆಳೆಯುವುದಿಲ್ಲ, ಮಿಕ್ಕದ್ದನ್ನು ಅರಗಿಸದೆ ಹೊರಚೆಲ್ಲುತ್ತದೆ ಎಂದು ತೋರಿಸಿಕೊಟ್ಟ ಅವರು, ಶಿಷ್ಯರಿಗೆ ಬೈಗುಳವನ್ನೂ ಅರಗುವಷ್ಟೇ ಬಡಿಸುತ್ತಿದ್ದರು.

ಈ ಲೇಖನ ಬರೆಯುತ್ತಿರುವ ಶಿಷ್ಯೆ ಅವರ ಬಳಿ ಸೇರಿದಾಗ ಆಕೆಗೆ ಪಿಪೆಟ್ಟು ಹಿಡಿಯಲೂ ಬರುತ್ತಿರಲಿಲ್ಲ. ಆಕೆ ಜ್ವರದಿಂದ ಮಲಗಿದ್ದ ವಾರವೆಲ್ಲ ಆಕೆಯ ಸರದಿಯ ಚಿಪ್ಪಿನ ತೊಟ್ಟಿಗಳನ್ನು ಗುರುಗಳೇ ಅಂಗಿಯ ತೋಳು ಮಡಚಿ ತೊಳೆದರು, ಯಾರಿಗೂ ಹೇಳಲಿಲ್ಲ.

ಹಸಿದ ಚಿಪ್ಪಿನ ಜೀರ್ಣಗ್ರಂಥಿ ಎಷ್ಟು ಕುಗ್ಗುತ್ತದೆ ಎಂಬುದು ಆ ವರ್ಷದ ಪ್ರಶ್ನೆ. ಆರನೆಯ ತೊಟ್ಟಿಗೆ ನಲವತ್ತು ದಿನ ಉಪವಾಸ. ಮೂವತ್ತೊಂದನೆಯ ದಿನ, ಬಾಯ್ದೆರೆದು ಕುಳಿತಿದ್ದ ಚಿಪ್ಪುಗಳನ್ನು ಕಂಡು ಆಕೆಯ ಕರುಳು ಚುರುಕ್ಕೆಂದಿತು. ಒಂದು ಸೌಟು ಗಂಜಿ ಸುರಿದಳು. ಒಮ್ಮೆ ಸುರಿದ ಕೈ ನಿಲ್ಲುತ್ತದೆಯೇ? ಕೊನೆಯ ದಿನದವರೆಗೂ ಸುರಿದಳು. ಅಳೆದು ನೋಡಿದರೆ ಗ್ರಂಥಿ ಕುಗ್ಗಿರಲೇ ಇಲ್ಲ. ತುಂಬಿದ ಸಭೆಯಲ್ಲಿ ಗುರುಗಳು ತೊಟ್ಟಿಯ ಉಸ್ತುವಾರಿಯ ತಪ್ಪು ತಮ್ಮದೆಂದು ಹೇಳಿ, ಆ ಪ್ರಯೋಗದ ಬಗ್ಗೆ ಅಚ್ಚಿಗೆ ಸಿದ್ಧವಿದ್ದ ಪ್ರಬಂಧವನ್ನು ಹಿಂತೆಗೆದುಕೊಂಡರು. ಎರಡು ವರ್ಷದಲ್ಲಿ ಬೇರೊಬ್ಬರು ಅದೇ ಪ್ರಯೋಗ ನಡೆಸಿ ಹೆಸರು ಗಳಿಸಿದರು. ಚಿಪ್ಪಾದರೂ ಉಬ್ಬರ ಬಂದಾಗ ಬಾಯಿ ಬಿಡುತ್ತದೆ. ಆಕೆ ಹತ್ತೊಂಬತ್ತು ವರ್ಷ ಬಿಡಲಿಲ್ಲ.

ಗುರುಗಳ ನಿವೃತ್ತಿಯ ಈ ಅಭಿನಂದನ ಸಂಪುಟಕ್ಕೆ ಬರೆಯಬೇಕೆಂದು ಪತ್ರ ಬಂದಾಗ ಹೊಗಳಿಕೆಯ ಒಂದು ಸಾಲೂ ಮೂಡದೆ, ಆಕೆ ನೇರವಾಗಿ ಅವರ ಕೋಣೆಗೆ ಹೋದಳು. ಅವರು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು.

“ಸರ್, ಆವತ್ತು ಆರನೇ ತೊಟ್ಟಿಗೆ ಗಂಜಿ ಹಾಕಿದ್ದು ನಾನೇ.”

“ಗೊತ್ತಮ್ಮ. ತಳದಲ್ಲಿ ಹಸಿರು ಹಿಕ್ಕೆ ಬಿದ್ದಿತ್ತಲ್ಲ. ಉಪವಾಸ ಇದ್ದೋರಿಗೆ ಅದು ಎಲ್ಲಿಂದ ಬರುತ್ತೆ?”

“ಮತ್ತೆ ಯಾಕೆ ಸರ್ ಕೇಳಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ನೀನು ಬಾಗಿಲು ತಟ್ಟಿದಾಗೆಲ್ಲ, ಇವತ್ತು ಅದಕ್ಕೇ ಬಂದಳೇನೋ ಅಂದ್ಕೊಳ್ತಿದ್ದೆ.”

ಆಕೆ ಅಲ್ಲೇ ಅತ್ತಳು. ಅವರು ಪೆಟ್ಟಿಗೆ ಸರಿಸಿ ಕುರ್ಚಿ ಕೊಟ್ಟರು.

ಗುರುಗಳು ಆರೋಗ್ಯದಿಂದ ನೂರ್ಕಾಲ ಬಾಳಲಿ. ಆರನೆಯ ತೊಟ್ಟಿಯಲ್ಲಿ ಹೊಸ ಉಪವಾಸ ಶುರುವಾಗಿದೆ. ನಲವತ್ತನೆಯ ದಿನ ಅಳೆಯಲು ಅವರೇ ಬರಬೇಕೆಂದು ಶಿಷ್ಯೆಯ ಬಿನ್ನಹ. ಸೌಟನ್ನು ಅವರ ಮನೆಗೇ ಕಳಿಸಿದ್ದಾಳೆ. ಆ ಹತ್ತೊಂಬತ್ತು ವರ್ಷಗಳನ್ನು ಮರಳಿ ಕಳಿಸಲು ಮಾತ್ರ ಆಕೆಯಿಂದಾಗದು.